ಅಪ್ಪನ ಹಳೆಯ ಠೇವಣಿ: ಯಾವ ಕಾಗದ ಮೊದಲು, ಯಾವುದು ಆಮೇಲೆ?

ಪ್ರಶ್ನೆ: ನಮ್ಮದು ಚಿಂಚೋಳಿ ತಾಲ್ಲೂಕಿನ ಹಳ್ಳಿ. ನಮ್ಮಪ್ಪ ಸರಕಾರಿ ಶಾಲೆಯಲ್ಲಿ ಮಾಸ್ತರ್ ಆಗಿದ್ದರು. 2011ರಲ್ಲಿ ತೀರಿಕೊಂಡರು. ಅವ್ವ 2019ರಲ್ಲಿ ಹಳ್ಳಿಯ ಮನೆಯಲ್ಲೇ ಹೋದಳು. ಅವಳ ಮರಣ ನೋಂದಣಿ ಯಾರೂ ಮಾಡಿಸಿಲ್ಲ. ಮೊನ್ನೆ ಹಳೆಯ ಟ್ರಂಕಿನಲ್ಲಿ ಅಪ್ಪನ ಹೆಸರಿನ ಒಂದು ಪಾಸ್‌ಬುಕ್, ಒಂದು ಲಕ್ಷದ ಠೇವಣಿ ರಸೀದಿ, ಒಂದು ಎಲ್‌ಐಸಿ ಬಾಂಡ್ ಸಿಕ್ಕವು. ಪಾಸ್‌ಬುಕ್ ಮತ್ತು ರಸೀದಿ ಎರಡೂ ಗುಲ್ಬರ್ಗಾದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಶಾಖೆಯವು. ಆ ಬ್ಯಾಂಕ್ ಈಗ ಇಲ್ಲ. ರಸೀದಿ 2013ಕ್ಕೆ ಮುಗಿದಿದೆ. ನಾಮಿನಿ ಅವ್ವ. ನಾವು ನಾಲ್ಕು ಮಕ್ಕಳು, ಇಬ್ಬರು ಅಣ್ಣಂದಿರು, ನಾನು, ತಂಗಿ. ದೊಡ್ಡಣ್ಣ 2021ರಲ್ಲಿ ತೀರಿಕೊಂಡ. ವೈನಿ, ಇಬ್ಬರು ಮಕ್ಕಳಿದ್ದಾರೆ, ಒಬ್ಬ ಇನ್ನೂ ಮೈನರ್. ಸಣ್ಣಣ್ಣ ಪುಣೆಯಲ್ಲಿದ್ದಾನೆ. ಪಾಸ್‌ಬುಕ್‌ನಲ್ಲಿ ಅಪ್ಪನ ಹೆಸರು ಶರಣಪ್ಪ, ಬೇರೆ ಕಾಗದಗಳಲ್ಲಿ ಶರಣಬಸಪ್ಪ. ಒಬ್ಬ ಏಜೆಂಟ್ ಬಂದು, ಕೋರ್ಟಿಗೆ ಹೋಗಬೇಕಾಗುತ್ತೆ, ಬಂದ ಹಣದಲ್ಲಿ ಇಷ್ಟು ಪಾಲು ಕೊಟ್ಟರೆ ಎಲ್ಲ ಮಾಡಿಸಿಕೊಡ್ತೀನಿ ಅಂತಿದ್ದಾನೆ. ಏನು ಮಾಡಬೇಕು?

ಉತ್ತರ: ಅಕ್ಕಾವರೇ, ಮೊದಲು ಸಮಾಧಾನದ ಮಾತು. ಆ ಹಣ ಮುಳುಗಿಲ್ಲ. ಕೇಳುವ ಅವಧಿಯೂ ಮುಗಿದಿಲ್ಲ. ನೀವು ಹೇಳಿದ ಮೊತ್ತಕ್ಕೆ ಕೋರ್ಟಿನ ಅಗತ್ಯ ಬರುವ ಸಾಧ್ಯತೆ ತುಂಬಾ ಕಡಿಮೆ. ಏಜೆಂಟನಿಗೆ ಸದ್ಯಕ್ಕೆ ಬೇಡ ಅಂತ ಹೇಳಿಬಿಡಿ.

ನಾನು ಬ್ಯಾಂಕಿನಲ್ಲಿ ತೀರಿಕೊಂಡವರ ಖಾತೆಗಳ ಕ್ಲೇಮ್ ನೋಡುತ್ತಿದ್ದವನು. ಅಲ್ಲಿ ಕೂತು ಕಂಡ ಒಂದು ಮಾತು ಹೇಳುತ್ತೇನೆ. ಅರ್ಜಿ ವಾಪಸ್ ಬರುವುದು ಕಾಗದ ಕಡಿಮೆ ಇದೆ ಅಂತ ಅಲ್ಲ. ಇರುವ ಕಾಗದಗಳು ಒಂದಕ್ಕೊಂದು ಹೊಂದುವುದಿಲ್ಲ ಅಂತ. ಒಂದರಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು. ವಂಶವೃಕ್ಷದಲ್ಲಿ ಮೂವರು, ಅರ್ಜಿಯಲ್ಲಿ ನಾಲ್ವರು. ಹೀಗಾದಾಗ ಮ್ಯಾನೇಜರ್ ಎಷ್ಟೇ ಒಳ್ಳೆಯವರಿದ್ದರೂ ಸಹಿ ಹಾಕಲು ಆಗುವುದಿಲ್ಲ. ಅದಕ್ಕೇ ಕಾಗದ ರಾಶಿ ಹಾಕುವುದಕ್ಕಿಂತ ಅವುಗಳನ್ನು ಹೊಂದಿಸುವುದರ ಕಡೆ ಜಾಸ್ತಿ ಗಮನ ಕೊಡಿ.

ಈಗ ಹಣ ಎಲ್ಲಿದೆ ಅಂತ ನೋಡೋಣ. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ಖಾತೆಗಳೂ ಜೊತೆಗೇ ಹೋದವು. ಹಳೆಯ ಶಾಖೆ ಮುಚ್ಚಿ ಪಕ್ಕದ ಎಸ್‌ಬಿಐ ಶಾಖೆಗೆ ಸೇರಿರಬಹುದು, ಅಷ್ಟೇ. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣವನ್ನು, ಮುಗಿದು ಹತ್ತು ವರ್ಷವಾದರೂ ಯಾರೂ ಕೇಳದ ಠೇವಣಿಯ ಹಣವನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಳಿಸಬೇಕು. 2014ರಲ್ಲಿ ಶುರುವಾದ ಆ ನಿಧಿಯ ಹೆಸರು ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿ. ಬ್ಯಾಂಕಿನವರು ಅದನ್ನು ಡಿಇಎ ಫಂಡ್ ಅಂತಾರೆ. ಅಪ್ಪನ ರಸೀದಿ 2013ಕ್ಕೆ ಮುಗಿದಿದ್ದರಿಂದ ಅದು 2023ರ ನಂತರ ಅಲ್ಲಿಗೆ ಹೋಗಿರಬೇಕು.

ಇದನ್ನು ಕೇಳಿ ಬಹಳ ಜನ ಹೆದರುತ್ತಾರೆ. ಸರಕಾರ ತಗೊಂಡುಬಿಟ್ಟಿತು ಅಂದುಕೊಳ್ಳುತ್ತಾರೆ. ಹಾಗಿಲ್ಲ. ಆ ನಿಧಿಯಿಂದ ಹಣ ವಾಪಸ್ ಕೇಳಲು ಕೊನೆಯ ದಿನಾಂಕವೇ ಇಲ್ಲ. ನೀವು ರಿಸರ್ವ್ ಬ್ಯಾಂಕಿಗೆ ಬರೆಯಬೇಕಾಗಿಯೂ ಇಲ್ಲ. ಕ್ಲೇಮ್ ನಿಮ್ಮ ಬ್ಯಾಂಕಿಗೇ ಹಾಕುವುದು. ಬ್ಯಾಂಕು ನಿಮಗೆ ಕೊಟ್ಟು, ಆಮೇಲೆ ತಾನು ನಿಧಿಯಿಂದ ಪಡೆಯುತ್ತದೆ. ಬಡ್ಡಿ ಬರುವ ಖಾತೆಯಾಗಿದ್ದರೆ ನಿಧಿಯಲ್ಲಿದ್ದ ಕಾಲಕ್ಕೂ ಬಡ್ಡಿ ಇದೆ, 2021ರ ಮೇ ತಿಂಗಳಿಂದ ಅದು ವರ್ಷಕ್ಕೆ 3 ಪರ್ಸೆಂಟ್ ಸರಳ ಬಡ್ಡಿ. ಠೇವಣಿ ಇಟ್ಟಾಗಿನ ದರ ಇಷ್ಟೂ ವರ್ಷ ಓಡಿರುತ್ತೆ ಅಂತ ಲೆಕ್ಕ ಹಾಕಬೇಡಿ. ಆ ಲೆಕ್ಕ ಮನೆಯಲ್ಲಿ ಜಗಳಕ್ಕೆ ದಾರಿ.

ಹುಡುಕುವುದಕ್ಕೆ ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಉದ್ಗಮ್ ಅನ್ನುವ ಪೋರ್ಟಲ್ ಶುರು ಮಾಡಿದೆ. ನಿಮ್ಮ ಮೊಬೈಲ್ ನಂಬರಿನಿಂದ ಒಳಗೆ ಹೋಗಿ, ಅಪ್ಪನ ಹೆಸರು ಹಾಕಿ, ಬ್ಯಾಂಕ್ ಆರಿಸಿ. ಜೊತೆಗೆ ಪ್ಯಾನ್, ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ನಂಬರ್ ಅಥವಾ ಹುಟ್ಟಿದ ದಿನಾಂಕ, ಇವುಗಳಲ್ಲಿ ಒಂದನ್ನು ಕೊಡಿ. ಇವು ಯಾವುವೂ ಇಲ್ಲದಿದ್ದರೆ ವಿಳಾಸದ ಮೇಲೂ ಹುಡುಕಬಹುದು. ಹಳೆಯ ಖಾತೆಗಳಲ್ಲಿ ಪ್ಯಾನ್ ಇರುವುದೇ ಕಡಿಮೆ. ಹುಟ್ಟಿದ ದಿನಾಂಕವೂ ಶಾಲೆಯಲ್ಲಿ ಒಂದು, ವೋಟರ್ ಕಾರ್ಡಿನಲ್ಲಿ ಒಂದು ಇರುತ್ತೆ. ಎರಡನ್ನೂ ಹಾಕಿ ನೋಡಿ.

ನಮ್ಮ ಭಾಗದವರು ಇಲ್ಲಿ ಇನ್ನೊಂದು ವಿಷಯ ನೆನಪಿಡಬೇಕು. ಊರಿಗೆ ಕಲಬುರಗಿ ಅನ್ನುವ ಹೆಸರು ಸರಕಾರಿ ಕಾಗದಕ್ಕೆ ಬಂದದ್ದು 2014ರ ನವೆಂಬರ್ 1ರಿಂದ. ಅದಕ್ಕಿಂತ ಹಳೆಯ ಖಾತೆಯ ವಿಳಾಸದಲ್ಲಿ ಗುಲ್ಬರ್ಗಾ ಅಂತಲೇ ಇರುತ್ತದೆ. ಶಹಾಪುರ, ಸುರಪುರ, ಯಾದಗಿರಿ ಕಡೆಯವರ ಹಳೆಯ ಖಾತೆಗಳಲ್ಲೂ ಜಿಲ್ಲೆ ಗುಲ್ಬರ್ಗಾ ಅಂತಲೇ ಇರುತ್ತದೆ, ಆಗ ಯಾದಗಿರಿ ಬೇರೆ ಜಿಲ್ಲೆ ಆಗಿರಲಿಲ್ಲ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕುವಾಗ ಶರಣಪ್ಪ, ಶರಣಬಸಪ್ಪ ಎರಡನ್ನೂ ಹಾಕಿ. ಒಂದು ಅಕ್ಷರ ಬಿಟ್ಟೂ ನೋಡಿ, ಸೇರಿಸಿಯೂ ನೋಡಿ. ಮನೆತನದ ಹೆಸರನ್ನು ಹಿಂದೆ ಮುಂದೆ ಮಾಡಿ. ಖಾತೆ ಸಿಕ್ಕರೆ ಪೋರ್ಟಲ್ ಒಂದು ಗುರುತಿನ ನಂಬರ್ ಕೊಡುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಸಿಗದಿದ್ದರೂ ಎದೆಗುಂದಬೇಡಿ. ನಿಮ್ಮ ಕೈಯಲ್ಲಿ ಪಾಸ್‌ಬುಕ್, ಮೂಲ ರಸೀದಿ ಎರಡೂ ಇವೆ. ಪೋರ್ಟಲ್‌ಗಿಂತ ಅದು ದೊಡ್ಡ ಆಧಾರ.

ಮುಂದಿನ ಹೆಜ್ಜೆ ಶಾಖೆಗೆ ಹೋಗುವುದು. ಕ್ಲೇಮ್ ಹಾಕುವುದಕ್ಕಲ್ಲ, ಕೇಳುವುದಕ್ಕೆ. ಕಲಬುರಗಿಗೆ ಬಂದಾಗ ಪಾಸ್‌ಬುಕ್ ಮತ್ತು ರಸೀದಿಯ ಝೆರಾಕ್ಸ್, ಅಪ್ಪನ ಮರಣ ಪತ್ರ, ನಿಮ್ಮ ಆಧಾರ್ ಇಷ್ಟು ತನ್ನಿ. ಮೂಲ ರಸೀದಿಯನ್ನು ಯಾರ ಕೈಗೂ ಕೊಡಬೇಡಿ, ತೋರಿಸಿ ವಾಪಸ್ ಇಟ್ಟುಕೊಳ್ಳಿ. ಒಂದು ಹಾಳೆಯಲ್ಲಿ ಸಣ್ಣ ಅರ್ಜಿ ಬರೆಯಿರಿ. ಖಾತೆ ಈಗ ಯಾವ ನಂಬರಿನಲ್ಲಿದೆ, ನಾಮಿನಿ ದಾಖಲಾಗಿದ್ದಾರಾ, ಅಪ್ಪನ ಹೆಸರಿನಲ್ಲಿ ಬೇರೆ ಖಾತೆ ಇದೆಯಾ, ಕ್ಲೇಮಿಗೆ ಯಾವ ಯಾವ ಕಾಗದ ಬೇಕು, ಇದನ್ನು ತಿಳಿಸಿ ಅಂತ. ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಕೇಳಿ ಬಂದರೆ ಹೋದಾಗಲೆಲ್ಲ ಕೌಂಟರಿನಲ್ಲಿ ಬೇರೆಯವರು ಕೂತಿರುತ್ತಾರೆ, ಬೇರೆ ಕಾಗದ ಕೇಳುತ್ತಾರೆ. ಬರಹದಲ್ಲಿದ್ದರೆ ಆ ತಾಪತ್ರಯ ಇಲ್ಲ. ಅಪ್ಪನ ಪಿಂಚಣಿ ಚಿಂಚೋಳಿಯಲ್ಲಿ ಬರುತ್ತಿದ್ದಿರಬೇಕು, ಈ ಖಾತೆ ಬೇರೆ. ಅವ್ವನ ಕುಟುಂಬ ಪಿಂಚಣಿಯ ಖಾತೆ ಏನಾಯಿತು ಅಂತಲೂ ಇದೇ ಸಮಯದಲ್ಲಿ ನೋಡಿಬಿಡಿ. ಅಲ್ಲೂ ಸ್ವಲ್ಪ ಹಣ ಉಳಿದಿರುವುದು ಉಂಟು.

ನಾಮಿನಿ ವಿಷಯ. ಅವ್ವ ಇದ್ದಿದ್ದರೆ ಅವಳ ಗುರುತಿನ ಚೀಟಿ, ಅಪ್ಪನ ಮರಣ ಪತ್ರ, ಒಂದು ಕ್ಲೇಮ್ ಫಾರ್ಮ್, ಅಷ್ಟರಲ್ಲಿ ಮುಗಿಯುತ್ತಿತ್ತು. ನಾಮಿನಿ ತೀರಿಕೊಂಡಿದ್ದರೆ ಆ ಖಾತೆಗೆ ನಾಮಿನಿಯೇ ಇಲ್ಲ ಅಂತ ಲೆಕ್ಕ. ಆಗ ವಾರಸುದಾರರೆಲ್ಲ ಸೇರಿ ಕೇಳಬೇಕು. ನಿಮ್ಮ ಮನೆಯ ಕಾಗದದ ಕೆಲಸ ದೊಡ್ಡದಾಗಿರುವುದು ಇದೇ ಕಾರಣಕ್ಕೆ.

ಇಲ್ಲಿ ಯಾರು ಯಾರಿಗೆ ಎಷ್ಟು ಅನ್ನುವುದನ್ನು ಮೊದಲೇ ಮನೆಯಲ್ಲಿ ಕೂತು ಸ್ಪಷ್ಟ ಮಾಡಿಕೊಳ್ಳಿ. ನಿಮ್ಮದು ಹಿಂದೂ ಕುಟುಂಬ ಅಂತ ಹೆಸರಿನಿಂದ ಅಂದುಕೊಂಡು ಹೇಳುತ್ತಿದ್ದೇನೆ. ಉಯಿಲು ಇಲ್ಲದಿದ್ದರೆ ಅಪ್ಪ ತೀರಿಕೊಂಡಾಗ ಹಣ ಐದು ಪಾಲು ಆಗುತ್ತದೆ, ಅವ್ವನಿಗೆ ಒಂದು, ನಾಲ್ಕು ಮಕ್ಕಳಿಗೆ ನಾಲ್ಕು. ಆಗ ನಿಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಬದುಕಿದ್ದರಾ ಅಂತ ನೋಡಿ. ಬದುಕಿದ್ದರೆ ಅವರಿಗೂ ಒಂದು ಪಾಲು ಇತ್ತು. ಇದನ್ನು ಹತ್ತರಲ್ಲಿ ಒಂಬತ್ತು ಮನೆಯವರು ಮರೆತಿರುತ್ತಾರೆ. ಅಜ್ಜಿ ಮೊದಲೇ ಹೋಗಿದ್ದರೆ ಲೆಕ್ಕ ಸರಳ. ಅವ್ವ ಹೋದ ಮೇಲೆ ಅವಳ ಪಾಲು ನಾಲ್ಕು ಮಕ್ಕಳಿಗೆ ಬಂತು. ಹಾಗಾಗಿ ಒಬ್ಬೊಬ್ಬರಿಗೆ ನಾಲ್ಕನೇ ಒಂದು. ದೊಡ್ಡಣ್ಣನ ನಾಲ್ಕನೇ ಒಂದು ಪಾಲು ಈಗ ವೈನಿ ಮತ್ತು ಇಬ್ಬರು ಮಕ್ಕಳಿಗೆ ಸಮನಾಗಿ.

ಹೆಣ್ಣುಮಕ್ಕಳಿಗೆ ಪಾಲು ಇರುವುದು 2005ರ ಕಾನೂನು ಬಂದ ಮೇಲೆ ಅಂತ ಹಳ್ಳಿಗಳಲ್ಲಿ ಇನ್ನೂ ಮಾತು ಇದೆ. 2005ರ ತಿದ್ದುಪಡಿ ಬಂದದ್ದು ಪಿತ್ರಾರ್ಜಿತ ಆಸ್ತಿಯ ವಿಷಯಕ್ಕೆ. ಅಪ್ಪ ತಾನೇ ದುಡಿದು ಇಟ್ಟ ಹಣದಲ್ಲಿ ಮಗಳಿಗೆ ಮಗನಷ್ಟೇ ಪಾಲು 1956ರಿಂದಲೇ ಇದೆ. ನಿಮ್ಮ ಅಪ್ಪನ ಸಂಬಳದ ಹಣ ಅದು. ನೀವು ಮತ್ತು ತಂಗಿ ನಿಮ್ಮ ಪಾಲು ತಗೊಳ್ಳುತ್ತೀರೋ ಬಿಡುತ್ತೀರೋ ನಿಮ್ಮಿಷ್ಟ. ಆದರೆ ನಿಮ್ಮ ಹೆಸರುಗಳು ಕಾಗದದಲ್ಲಿ ಇರಲೇಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ವಂಶವೃಕ್ಷದಲ್ಲಿ ಕೈಬಿಡುವುದು ನಮ್ಮ ಕಡೆ ಬಹಳ. ಕೆಲಸ ಬೇಗ ಆಗಲಿ ಅಂತ ಮಾಡುತ್ತಾರೆ. ಅದು ಸುಳ್ಳು ಪ್ರಮಾಣ ಆಗುತ್ತದೆ, ಬ್ಯಾಂಕಿಗೆ ಗೊತ್ತಾದರೆ ಇಡೀ ಫೈಲ್ ನಿಲ್ಲುತ್ತದೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ.

ಮುಸಲ್ಮಾನ ಕುಟುಂಬಗಳಲ್ಲಿ ಪಾಲು ಅವರ ವೈಯಕ್ತಿಕ ಕಾನೂನಿನ ಪ್ರಕಾರ, ಲೆಕ್ಕ ಬೇರೆ. ಈ ಉತ್ತರ ಓದುವ ಬೇರೆಯವರಿಗೆ ಗೊತ್ತಿರಲಿ ಅಂತ ಹೇಳಿದೆ. ಕಾಗದಗಳು ಮಾತ್ರ ಹೆಚ್ಚುಕಡಿಮೆ ಇವೇ.

ಈಗ ಕಾಗದಕ್ಕೆ ಬರೋಣ. ನಿಮಗೆ ಬೇಕಿರುವುದು ಮೂರು ಮರಣ ಪ್ರಮಾಣಪತ್ರ, ಅಪ್ಪನದು, ಅವ್ವನದು, ದೊಡ್ಡಣ್ಣನದು. ಅಪ್ಪನದು ಮತ್ತು ಅಣ್ಣನದು ಇದ್ದರೆ ಅವುಗಳಲ್ಲಿ ಹೆಸರು ಹೇಗಿದೆ ನೋಡಿ. ಅಪ್ಪನ ಪತ್ರದಲ್ಲಿ ಶರಣಬಸಪ್ಪ ಅಂತ ಇದ್ದರೆ ಇರಲಿ, ಅದನ್ನು ಆಮೇಲೆ ಹೊಂದಿಸೋಣ.

ಕಷ್ಟದ ಕೆಲಸ ಅವ್ವನದು. ಸಾವನ್ನು 21 ದಿನದೊಳಗೆ ತಿಳಿಸಬೇಕು ಅಂತ ನಿಯಮ. ಒಂದು ವರ್ಷ ದಾಟಿದರೆ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮೊದಲು ಇದಕ್ಕೆ ಕೋರ್ಟಿಗೇ ಹೋಗಬೇಕಿತ್ತು. ಜನನ ಮರಣ ನೋಂದಣಿ ಕಾನೂನಿಗೆ ಬಂದ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಯಾದ ಮೇಲೆ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟ್ ನೇಮಿಸಿದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಬಂದಿದೆ. ಚಿಂಚೋಳಿ ಸೇರುವುದು ಸೇಡಂ ಉಪವಿಭಾಗಕ್ಕೆ. ಹಾಗಾಗಿ ಚಿಂಚೋಳಿ ತಹಸೀಲ್ ಕಚೇರಿಯಲ್ಲಿ ಅರ್ಜಿ ಅಲ್ಲೇ ಕೊಡಬೇಕಾ, ಸೇಡಂನ ಎಸಿ, ಅಂದರೆ ಉಪವಿಭಾಗಾಧಿಕಾರಿಯ ಕಚೇರಿಗೆ ಕೊಡಬೇಕಾ ಅಂತ ಕೇಳಿಕೊಂಡು ಮುಂದುವರಿಯಿರಿ.

ಅದಕ್ಕೆ ಮೊದಲು ಹಳ್ಳಿಯ ನೋಂದಣಿ ಅಧಿಕಾರಿಯಿಂದ ಈ ಸಾವು ರಿಜಿಸ್ಟರಿನಲ್ಲಿ ದಾಖಲಾಗಿಲ್ಲ ಅನ್ನುವ ಪತ್ರ ತಗೊಳ್ಳಬೇಕು. ಜೊತೆಗೆ ಒಂದು ಅಫಿಡವಿಟ್, ಊರಿನ ಹಿರಿಯರ ಹೇಳಿಕೆ ಅಥವಾ ಪಂಚನಾಮೆ. ಇಲ್ಲಿ ನಿಮಗೊಂದು ಅನುಕೂಲ ಇದೆ. ಅಪ್ಪ ಮಾಸ್ತರ್ ಆಗಿದ್ದವರು, ಅವ್ವನಿಗೆ ಕುಟುಂಬ ಪಿಂಚಣಿ ಬರುತ್ತಿದ್ದಿರಬೇಕು. ಹಾಗಿದ್ದರೆ ಪಿಂಚಣಿ ಯಾವ ತಿಂಗಳಿಗೆ ನಿಂತಿತು ಅನ್ನುವುದು ಬ್ಯಾಂಕಿನಲ್ಲಿ, ಖಜಾನೆಯಲ್ಲಿ ದಾಖಲೆ ಇರುತ್ತದೆ. ರೇಷನ್ ಕಾರ್ಡಿನಿಂದ ಹೆಸರು ತೆಗೆದದ್ದು, ವೋಟರ್ ಪಟ್ಟಿಯಿಂದ ತೆಗೆದದ್ದು ಕೂಡ ಆಧಾರ. ಅಧಿಕಾರಿಗೆ 2019 ಅನ್ನುವುದನ್ನು ನಂಬಲು ಇಂಥ ಒಂದೆರಡು ಸರಕಾರಿ ಕಾಗದ ಸಿಕ್ಕರೆ ಕೆಲಸ ಹಗುರ ಆಗುತ್ತದೆ. ಇಡೀ ಪಟ್ಟಿಯಲ್ಲಿ ಜಾಸ್ತಿ ಸಮಯ ತಿನ್ನುವುದು ಇದೇ. ಆದ್ದರಿಂದ ಶುರು ಇಲ್ಲಿಂದಲೇ ಮಾಡಿ. ಬ್ಯಾಂಕಿನ ಉತ್ತರ ಬರುವ ತನಕ ಕಾಯಬೇಡಿ, ಯಾಕೆಂದರೆ ಅವ್ವನ ಮರಣ ಪತ್ರ ಬೇರೆ ಹತ್ತು ಕೆಲಸಕ್ಕೂ ಬೇಕು. ಹೊಲದ ಪಹಣಿ ಅವ್ವನ ಹೆಸರಿನಲ್ಲಿದ್ದರೆ ಅದಕ್ಕೂ ಬೇಕು.

ಎರಡನೆಯದು ವಂಶವೃಕ್ಷ. ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಗ್ರಾಮ ಆಡಳಿತ ಅಧಿಕಾರಿ, ಅಂದರೆ ಮೊದಲಿನ ಗ್ರಾಮ ಲೆಕ್ಕಿಗರು, ಊರಲ್ಲಿ ವಿಚಾರಣೆ ಮಾಡಿ ವರದಿ ಕೊಡುತ್ತಾರೆ. ನಿಮ್ಮ ವಂಶವೃಕ್ಷ ಅಪ್ಪನಿಂದ ಶುರುವಾಗಬೇಕು. ಅಪ್ಪ, ಅವ್ವ, ನಾಲ್ಕು ಮಕ್ಕಳು, ದೊಡ್ಡಣ್ಣನ ಕೆಳಗೆ ವೈನಿ ಮತ್ತು ಇಬ್ಬರು ಮಕ್ಕಳು. ತೀರಿಕೊಂಡವರ ಮುಂದೆ ಮರಣದ ದಿನಾಂಕ. ಬದುಕಿರುವವರ ವಯಸ್ಸು, ಸಂಬಂಧ. ಅವ್ವನ ಮರಣ ಪತ್ರ ಬಂದ ಮೇಲೆಯೇ ಇದಕ್ಕೆ ಅರ್ಜಿ ಹಾಕಿ. ಮೊದಲೇ ಹಾಕಿದರೆ ದಿನಾಂಕ ಹೊಂದದೆ ಮತ್ತೆ ಮಾಡಿಸಬೇಕಾಗುತ್ತದೆ. ಬ್ಯಾಂಕಿನ ಪಟ್ಟಿಯಲ್ಲಿ ವಂಶವೃಕ್ಷದ ಜೊತೆ ಬದುಕುಳಿದ ಕುಟುಂಬ ಸದಸ್ಯರ ಪ್ರಮಾಣಪತ್ರವೂ ಇದ್ದರೆ ಎರಡಕ್ಕೂ ಒಟ್ಟಿಗೇ ಅರ್ಜಿ ಕೊಡಿ.

ನಿಮ್ಮದು ಮತ್ತು ತಂಗಿಯದು ಒಂದು ಸಣ್ಣ ತೊಡಕು. ಆಧಾರ್‌ನಲ್ಲಿ ಈಗ ಗಂಡನ ಮನೆಯ ಹೆಸರು, ಗಂಡನ ಊರು ಇರುತ್ತದೆ. ಶರಣಪ್ಪ ಮಾಸ್ತರರ ಮಗಳು ನೀವೇ ಅನ್ನುವುದು ಹೇಗೆ ಗೊತ್ತಾಗಬೇಕು? ಇದಕ್ಕೆ ಶಾಲೆಯ ಟಿಸಿಯಷ್ಟು ಒಳ್ಳೆಯ ಕಾಗದ ಇನ್ನೊಂದಿಲ್ಲ. ಅದರಲ್ಲಿ ತಂದೆಯ ಹೆಸರು ಇರುತ್ತದೆ, ಹಳೆಯ ದಿನಾಂಕ ಇರುತ್ತದೆ, ಸರಕಾರಿ ಸೀಲ್ ಇರುತ್ತದೆ. ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡ್ ಇದ್ದರೂ ಆಯಿತು. ಕಳೆದಿದ್ದರೆ ಓದಿದ ಶಾಲೆಗೆ ಹೋಗಿ ದಾಖಲಾತಿ ರಿಜಿಸ್ಟರಿನ ಪ್ರಕಾರ ದೃಢೀಕರಣ ಪತ್ರ ಕೇಳಿ, ಕೊಡುತ್ತಾರೆ.

ಮೂರನೆಯದು ಹೆಸರಿನ ವ್ಯತ್ಯಾಸ. ನಿಮ್ಮ ಫೈಲ್ ನಿಂತರೆ ಇಲ್ಲೇ ನಿಲ್ಲುತ್ತದೆ, ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಬಿಳಿ ಹಾಳೆ ತಗೊಳ್ಳಿ. ಎಡಗಡೆ ಮನೆಯ ಪ್ರತಿಯೊಬ್ಬರ ಹೆಸರು ಬರೆಯಿರಿ. ಬಲಗಡೆ ಯಾವ ಕಾಗದದಲ್ಲಿ ಹೆಸರು ಹೇಗಿದೆ ಅಂತ ಅಕ್ಷರ ಬಿಡದೆ ಬರೆಯಿರಿ. ಅಪ್ಪನ ವಿಷಯದಲ್ಲಿ ಪಾಸ್‌ಬುಕ್, ರಸೀದಿ, ಎಲ್‌ಐಸಿ ಬಾಂಡ್, ಮರಣ ಪತ್ರ, ವೋಟರ್ ಐಡಿ, ಪಿಂಚಣಿ ಆದೇಶ, ಪಹಣಿ, ಎಲ್ಲ ನೋಡಿ. ಹೆಸರಿನ ಜೊತೆ ತಂದೆಯ ಹೆಸರು, ಊರು, ಹುಟ್ಟಿದ ದಿನಾಂಕ ಕೂಡ ಬರೆಯಿರಿ. ಎಲ್ಲೆಲ್ಲಿ ಬೇರೆ ಇದೆ ಅನ್ನುವುದು ಒಂದೇ ಹಾಳೆಯಲ್ಲಿ ಕಣ್ಣಿಗೆ ಬೀಳುತ್ತದೆ.

ಆಮೇಲೆ ಶರಣಪ್ಪ, ಶರಣಬಸಪ್ಪ ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ, ನೋಟರಿ ಮಾಡಿಸಿ. ಆದರೆ ಬರೀ ಅಫಿಡವಿಟ್ ಅಂದರೆ ನಿಮ್ಮದೇ ಮಾತು. ಅದರ ಹಿಂದೆ ಒಂದು ಸರಕಾರಿ ಕಾಗದ ಇರಬೇಕು. ಮಾಸ್ತರರ ಮನೆ ಆಗಿದ್ದರಿಂದ ನಿಮಗೆ ಪಿಂಚಣಿ ಆದೇಶವೇ ಸಾಕು. ಅದರಲ್ಲಿ ಪೂರ್ತಿ ಹೆಸರು, ಹೆಂಡತಿಯ ಹೆಸರು, ಸೇವೆಯ ವಿವರ, ಪಿಂಚಣಿ ಬರುವ ಬ್ಯಾಂಕ್ ಎಲ್ಲ ಇರುತ್ತದೆ. ಇನ್ನೊಂದು ದಾರಿ ಸಹಿ. ಖಾತೆ ತೆರೆದಾಗ ಅಪ್ಪ ಹಾಕಿದ ಸಹಿ ಬ್ಯಾಂಕಿನಲ್ಲಿ ಇರುತ್ತದೆ. ಮಾಸ್ತರರು ಜೀವನಪೂರ್ತಿ ಒಂದೇ ಥರ ಸಹಿ ಹಾಕಿರುತ್ತಾರೆ. ಸೇವೆಯ ಕಾಲದ ಯಾವುದಾದರೂ ಕಾಗದದಲ್ಲಿ ಅವರ ಸಹಿ ಇದ್ದರೆ ಹೋಲಿಸಿ ನೋಡಿ ಅಂತ ಮ್ಯಾನೇಜರಿಗೆ ತೋರಿಸಿ. ಎಷ್ಟೋ ಸಲ ಅನುಮಾನ ಅಲ್ಲಿಗೇ ಬಗೆಹರಿಯುತ್ತದೆ.

ಇನ್ನು ಬ್ಯಾಂಕಿನದೇ ಕಾಗದಗಳು. ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ ಗ್ರಾಹಕರ ಕ್ಲೇಮ್ ಬಗ್ಗೆ ಎಲ್ಲ ಬ್ಯಾಂಕುಗಳಿಗೂ ಒಂದೇ ನಿಯಮ ಮಾಡಿತು. ಅದನ್ನು ಬ್ಯಾಂಕುಗಳು 2026ರ ಮಾರ್ಚ್ 31ರೊಳಗೆ ಜಾರಿ ಮಾಡಬೇಕು ಅಂತ ಹೇಳಿತು. ಅದರ ಪ್ರಕಾರ ನಾಮಿನಿ ಇಲ್ಲದ ಖಾತೆಯಲ್ಲಿ 15 ಲಕ್ಷ ರೂಪಾಯಿ ತನಕ ಸರಳ ವಿಧಾನ. ಸಹಕಾರಿ ಬ್ಯಾಂಕುಗಳಲ್ಲಿ ಈ ಮಿತಿ 5 ಲಕ್ಷ. ಬ್ಯಾಂಕು ಬೇಕೆಂದರೆ ಇದಕ್ಕಿಂತ ಹೆಚ್ಚು ಇಟ್ಟುಕೊಳ್ಳಬಹುದು, ಕಡಿಮೆ ಇಡುವಂತಿಲ್ಲ. ಮಿತಿಯ ಒಳಗಿದ್ದು, ಉಯಿಲು ಇಲ್ಲದೆ, ವಾರಸುದಾರರಲ್ಲಿ ತಕರಾರೂ ಇಲ್ಲದಿದ್ದರೆ ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರ ಬೇಕಿಲ್ಲ. ಏಜೆಂಟ್ ಹೆದರಿಸಿದ್ದು ಇದೇ ಮಾತಿನಿಂದ ಅಲ್ವಾ? ನಿಮ್ಮ ಒಂದು ಲಕ್ಷ, ಅದರ ಬಡ್ಡಿ, ಪಾಸ್‌ಬುಕ್‌ನ ಹಣ ಎಲ್ಲ ಸೇರಿದರೂ ಆ ಮಿತಿಗೆ ಎಷ್ಟೋ ದೂರ.

ಬ್ಯಾಂಕು ಕೇಳುವುದು ಎಲ್ಲ ಹಕ್ಕುದಾರರ ಸಹಿ ಇರುವ ಕ್ಲೇಮ್ ಫಾರ್ಮ್, ಮರಣ ಪತ್ರ, ಗುರುತು ಮತ್ತು ವಿಳಾಸದ ದಾಖಲೆ, ಇಂಡೆಮ್ನಿಟಿ ಬಾಂಡ್, ಪಾಲು ಬೇಡ ಅನ್ನುವ ವಾರಸುದಾರರಿಂದ ಒಪ್ಪಿಗೆ ಪತ್ರ, ಮತ್ತು ವಾರಸುದಾರರು ಯಾರು ಅನ್ನುವುದಕ್ಕೆ ಸರಕಾರಿ ಪ್ರಮಾಣಪತ್ರ. ಆ ಪ್ರಮಾಣಪತ್ರದ ಬದಲು, ಕುಟುಂಬವನ್ನು ಚೆನ್ನಾಗಿ ಬಲ್ಲ, ಆದರೆ ಕುಟುಂಬಕ್ಕೆ ಸಂಬಂಧವಿಲ್ಲದ, ಬ್ಯಾಂಕು ಒಪ್ಪುವ ಒಬ್ಬ ವ್ಯಕ್ತಿಯ ಘೋಷಣೆಯೂ ನಡೆಯುತ್ತದೆ. ಅಪ್ಪನ ಜೊತೆ ಕೆಲಸ ಮಾಡಿದ ನಿವೃತ್ತ ಹೆಡ್‌ಮಾಸ್ತರ್ ಒಬ್ಬರು ಇದ್ದರೆ ಕೇಳಿ ನೋಡಿ.

ಇಂಡೆಮ್ನಿಟಿ ಬಾಂಡ್ ಅಂದರೆ, ನಾಳೆ ಬೇರೆ ಯಾರಾದರೂ ನಿಜವಾದ ಹಕ್ಕುದಾರ ಬಂದರೆ ಬ್ಯಾಂಕಿಗಾದ ನಷ್ಟ ನಾವು ತುಂಬುತ್ತೇವೆ ಅನ್ನುವ ಮುಚ್ಚಳಿಕೆ. ಹಗುರವಾಗಿ ಸಹಿ ಹಾಕುವ ಕಾಗದ ಅಲ್ಲ ಅದು. ಎಲ್ಲರೂ ಓದಿ, ಕನ್ನಡದಲ್ಲಿ ಅರ್ಥ ಮಾಡಿಸಿಕೊಂಡು ಸಹಿ ಹಾಕಿ. ಇದರ ಒಕ್ಕಣೆ ಬ್ಯಾಂಕಿನದೇ ಇರುತ್ತದೆ. ಕೋರ್ಟಿನ ಮುಂದೆ ಟೈಪ್ ಮಾಡುವವರ ಹತ್ತಿರ ತಮ್ಮದೇ ಒಕ್ಕಣೆಯಲ್ಲಿ ಮಾಡಿಸಿಕೊಂಡು ಬಂದು, ಬ್ಯಾಂಕು ಒಪ್ಪದೆ, ಸ್ಟ್ಯಾಂಪ್ ದುಡ್ಡು ಹೋಗುವುದು ಸಾಮಾನ್ಯ. ಶಾಖೆಯಿಂದ ನಮೂನೆ ತಗೊಂಡು, ಎಷ್ಟು ರೂಪಾಯಿಯ ಇ-ಸ್ಟ್ಯಾಂಪ್, ಯಾರ ಹೆಸರಿನಲ್ಲಿ ಅಂತ ಕೇಳಿಕೊಂಡ ಮೇಲೆ ಖರೀದಿ ಮಾಡಿ.

ಪುಣೆಯ ಅಣ್ಣ ಬರುವುದಕ್ಕೆ ಆಗದಿದ್ದರೆ ಎರಡು ದಾರಿ. ಪಾಲು ಬೇಕಿಲ್ಲ ಅಂದರೆ ಒಪ್ಪಿಗೆ ಪತ್ರವನ್ನು ಅಲ್ಲೇ ನೋಟರಿ ಮಾಡಿಸಿ ಕಳಿಸಬಹುದು. ಪಾಲು ಬೇಕು ಅಂದರೆ ಪುಣೆಯ ಎಸ್‌ಬಿಐ ಶಾಖೆಯಲ್ಲಿ ಗುರುತು ತೋರಿಸಿ ಸಹಿ ದೃಢೀಕರಿಸಿ ಕಳಿಸಿದರೆ ನಡೆಯುತ್ತದಾ ಅಂತ ಇಲ್ಲಿಯ ಮ್ಯಾನೇಜರನ್ನು ಮೊದಲೇ ಕೇಳಿ.

ದೊಡ್ಡಣ್ಣನ ಮೈನರ್ ಮಗುವಿನ ಬಗ್ಗೆ ಎಚ್ಚರ ಇರಲಿ. ಮನೆಯವರೆಲ್ಲ ಸೇರಿ ಒಬ್ಬರ ಖಾತೆಗೇ ಹಣ ಬರಲಿ, ಆಮೇಲೆ ಹಂಚಿಕೊಳ್ಳೋಣ ಅಂತ ಮಾತಾಡಿಕೊಂಡಿರುತ್ತೀರಿ. ದೊಡ್ಡವರು ಹಾಗೆ ಒಪ್ಪಬಹುದು. ಮಗುವಿನ ಪರವಾಗಿ ಪಾಲು ಬೇಡ ಅಂತ ತಾಯಿ ಸಹಿ ಹಾಕಿಕೊಡುವುದನ್ನು ಬ್ಯಾಂಕುಗಳು ಒಪ್ಪುವುದು ಕಷ್ಟ, ಒಪ್ಪಲೂಬಾರದು. ವೈನಿ ಗಾರ್ಡಿಯನ್ ಆಗಿ ಮಗುವಿನ ಹೆಸರಿನಲ್ಲಿ ಒಂದು ಖಾತೆ ತೆರೆಯಲಿ, ಅದರ ಪಾಲು ನೇರ ಅಲ್ಲಿಗೇ ಹೋಗಲಿ. ಪಾಲು ಸಣ್ಣದು ಇರಬಹುದು. ತಂದೆಯಿಲ್ಲದ ಮಗುವಿನ ಹಕ್ಕು ಅದು, ದಯವಿಟ್ಟು ಕಾಗದದ ಗಡಿಬಿಡಿಯಲ್ಲಿ ಅದು ಕಳೆದುಹೋಗದ ಹಾಗೆ ನೋಡಿಕೊಳ್ಳಿ.

ಎಲ್‌ಐಸಿ ಬಾಂಡಿನ ದಾರಿ ಬೇರೆ. ಅಪ್ಪ ತೀರಿಕೊಂಡಾಗ ಪಾಲಿಸಿ ಚಾಲ್ತಿಯಲ್ಲಿತ್ತಾ, ಕಂತು ನಿಂತುಹೋಗಿತ್ತಾ, ಅಥವಾ ಮುಗಿದು ಹಣ ಬಂದಿತ್ತಾ ಅನ್ನುವುದು ಮೊದಲು ಗೊತ್ತಾಗಬೇಕು. ಬಾಂಡಿನ ಮೇಲಿರುವ ಪಾಲಿಸಿ ನಂಬರ್ ಹಿಡಿದು ಹತ್ತಿರದ ಎಲ್‌ಐಸಿ ಶಾಖೆಯಲ್ಲಿ ಕೇಳಿ. ಯಾರೂ ಕೇಳದೆ ಉಳಿದ ಹಣವನ್ನು ಎಲ್‌ಐಸಿ ವೆಬ್‌ಸೈಟಿನಲ್ಲೂ ಹುಡುಕಬಹುದು. ಕಂತು ನಿಂತಿದ್ದರೂ ಕೆಲವು ವರ್ಷ ಕಟ್ಟಿದ್ದರೆ ಸ್ವಲ್ಪ ಹಣ ಬರುವುದು ಉಂಟು, ಸುಮ್ನೆ ಬಿಟ್ಟುಬಿಡಬೇಡಿ. ವಿಮೆಯ ಹಣವನ್ನು ಹತ್ತು ವರ್ಷ ಯಾರೂ ಕೇಳದಿದ್ದರೆ ಅದು ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಅಲ್ಲಿಂದ ವಾಪಸ್ ಕೇಳಲು 25 ವರ್ಷದ ಮಿತಿ ಇದೆ. ಬ್ಯಾಂಕ್ ಠೇವಣಿಗೆ ಮಿತಿ ಇಲ್ಲ, ವಿಮೆಗೆ ಇದೆ, ಈ ವ್ಯತ್ಯಾಸ ನೆನಪಿಡಿ. ಬ್ಯಾಂಕಿಗೆ ಮಾಡಿಸಿದ ಮರಣ ಪತ್ರ, ವಂಶವೃಕ್ಷ, ಹೆಸರಿನ ಅಫಿಡವಿಟ್ ಇಲ್ಲಿಗೂ ಬರುತ್ತವೆ. ಅದಕ್ಕೇ ಪ್ರತಿಯೊಂದಕ್ಕೂ ಎರಡು ಮೂರು ಮೂಲ ಪ್ರತಿ ತಗೊಳ್ಳಿ.

ಟ್ರಂಕಿನಲ್ಲಿ ಸಿಗದ ಹಣವೂ ಇರಬಹುದು. ಅಂಚೆ ಕಚೇರಿಯ ಪಾಸ್‌ಬುಕ್, ಕಿಸಾನ್ ವಿಕಾಸ ಪತ್ರ ನೋಡಿ. ಅಲ್ಲಿ ನಾಮಿನಿ ಇಲ್ಲದಿದ್ದರೆ ಸಾವಿನ ಆರು ತಿಂಗಳ ನಂತರ 5 ಲಕ್ಷದ ತನಕ ಕೋರ್ಟಿನ ಪತ್ರವಿಲ್ಲದೆ ಅಫಿಡವಿಟ್, ಇಂಡೆಮ್ನಿಟಿ ಬಾಂಡ್ ಮೇಲೆ ಕೊಡುತ್ತಾರೆ. ಹಳ್ಳಿಗಳಲ್ಲಿ ಬಹಳ ಜನರ ಖಾತೆ ಕೃಷ್ಣಾ ಗ್ರಾಮೀಣ ಬ್ಯಾಂಕಿನಲ್ಲಿತ್ತು. ಗುಲ್ಬರ್ಗಾದಲ್ಲೇ ಮುಖ್ಯ ಕಚೇರಿ ಇದ್ದ ಆ ಬ್ಯಾಂಕು 2013ರಲ್ಲಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕ್ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿಗೆ ಸೇರಿತು. ಸಿಂಡಿಕೇಟ್ ಬ್ಯಾಂಕಿನ ಪಾಸ್‌ಬುಕ್ ಇದ್ದರೆ ಕೆನರಾ ಬ್ಯಾಂಕಿಗೆ ಹೋಗಿ, ವಿಜಯಾ ಬ್ಯಾಂಕಿನದಿದ್ದರೆ ಬ್ಯಾಂಕ್ ಆಫ್ ಬರೋಡಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಅಥವಾ ಆಂಧ್ರ ಬ್ಯಾಂಕಿನದಿದ್ದರೆ ಯೂನಿಯನ್ ಬ್ಯಾಂಕಿಗೆ. ಉದ್ಗಮ್‌ನಲ್ಲಿ ಎಲ್ಲ ಬ್ಯಾಂಕುಗಳೂ ಇಲ್ಲ, ಸಿಗದಿದ್ದರೆ ಆಯಾ ಬ್ಯಾಂಕಿನ ವೆಬ್‌ಸೈಟಿನಲ್ಲಿ ಇರುವ ಪಟ್ಟಿ ನೋಡಬೇಕು.

ಏಜೆಂಟನ ವಿಷಯ. ಉದ್ಗಮ್‌ನಲ್ಲಿ ಹುಡುಕಲು ದುಡ್ಡಿಲ್ಲ. ನಿಮಗೆ ಖರ್ಚು ಬರುವುದು ಸ್ಟ್ಯಾಂಪ್, ನೋಟರಿ, ನಾಡಕಚೇರಿಯ ಶುಲ್ಕ, ಬಸ್ ಚಾರ್ಜ್ ಇಷ್ಟೇ. ಅವನಿಗೆ ಮೂಲ ರಸೀದಿ ಕೊಡಬೇಡಿ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಮೊಬೈಲಿಗೆ ಬಂದ ಒಟಿಪಿ ಹೇಳಬೇಡಿ. ಓಡಾಡಲು ಆಗದಿದ್ದರೆ ಕುಟುಂಬದ ಒಬ್ಬ ಓದಿದ ಹುಡುಗನಿಗೋ ಹುಡುಗಿಗೋ ಈ ಕೆಲಸ ಒಪ್ಪಿಸಿ, ಅವರಿಗೆ ಹೋಗಿ ಬರುವ ಖರ್ಚು ಕೊಡಿ.

ಕೋರ್ಟು ಬೇಕಾಗುವ ಸಂದರ್ಭ ಒಂದಿದೆ. ಮನೆಯಲ್ಲಿ ಯಾರಾದರೂ ಒಬ್ಬರು ಬ್ಯಾಂಕಿಗೆ ತಕರಾರು ಬರೆದುಕೊಟ್ಟರೆ ಸರಳ ವಿಧಾನ ಅಲ್ಲಿಗೆ ನಿಲ್ಲುತ್ತದೆ. ಆಗ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಸಿವಿಲ್ ಕೋರ್ಟಿನಲ್ಲಿ ಅರ್ಜಿ, ಪತ್ರಿಕೆಯಲ್ಲಿ ಪ್ರಕಟಣೆ, ಕೋರ್ಟ್ ಫೀ ಎಲ್ಲ ಬರುತ್ತದೆ. ಹಣ ದೊಡ್ಡದಲ್ಲದಿದ್ದರೆ ಅದರಲ್ಲಿ ಬಹುಪಾಲು ಅಲ್ಲೇ ಕರಗುತ್ತದೆ. ಆದ್ದರಿಂದ ಅರ್ಜಿ ಹಾಕುವ ಮುಂಚೆಯೇ ವೈನಿಯ ಹತ್ತಿರ, ಪುಣೆಯ ಅಣ್ಣನ ಹತ್ತಿರ ಕೂತು ಮಾತಾಡಿ. ಎಷ್ಟು ಬರಬಹುದು, ಯಾರಿಗೆ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ನೋಡಿರಲಿ.

ಎಲ್ಲ ಕಾಗದ ಕೊಟ್ಟ ದಿನ ಪಟ್ಟಿಯ ಸಮೇತ ರಸೀದಿ ತಗೊಳ್ಳಿ. ಹೊಸ ನಿಯಮದ ಪ್ರಕಾರ ಪೂರ್ತಿ ಕಾಗದ ಸಿಕ್ಕ 15 ದಿನದೊಳಗೆ ಬ್ಯಾಂಕು ಕ್ಲೇಮ್ ಮುಗಿಸಬೇಕು. ಬ್ಯಾಂಕಿನಿಂದಲೇ ತಡವಾದರೆ, ಆ ತಡಕ್ಕೆ ರಿಸರ್ವ್ ಬ್ಯಾಂಕು ಗೊತ್ತುಮಾಡುವ 'ಬ್ಯಾಂಕ್ ದರ'ದ ಮೇಲೆ ಇನ್ನೂ 4 ಪರ್ಸೆಂಟ್ ಸೇರಿಸಿ ಬಡ್ಡಿ ಕೊಡಬೇಕು. ಆ 15 ದಿನ ಎಣಿಸುವುದಕ್ಕೆ ನಿಮ್ಮ ಕೈಯಲ್ಲಿ ಆ ರಸೀದಿಯೇ ಬೇಕು. ಉತ್ತರ ಬರದಿದ್ದರೆ ಶಾಖೆಗೆ ಬರಹದಲ್ಲಿ ದೂರು ಕೊಡಿ. 30 ದಿನ ಕಳೆದರೂ ಸರಿಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು ಹೋಗುತ್ತದೆ. ಅದಕ್ಕೂ ಶುಲ್ಕವಿಲ್ಲ. 14448ಕ್ಕೆ ಫೋನ್ ಮಾಡಿದರೆ ಹೇಗೆ ಅಂತ ಹೇಳುತ್ತಾರೆ.

ಈ ವಾರ ನೀವು ಮಾಡಬೇಕಾದದ್ದು ಎರಡೇ ಕೆಲಸ. ಬ್ಯಾಂಕಿಗೆ ಆ ಒಂದು ಹಾಳೆಯ ಅರ್ಜಿ ಕೊಡುವುದು. ಅವ್ವನ ಸಾವು ದಾಖಲಾಗಿಲ್ಲ ಅನ್ನುವ ಪತ್ರಕ್ಕೆ ಹಳ್ಳಿಯಲ್ಲಿ ಅರ್ಜಿ ಹಾಕುವುದು. ಬ್ಯಾಂಕಿನ ಉತ್ತರ ಬಂದಾಗ ಅದರಲ್ಲಿ ನಾನು ಹೇಳದ ಯಾವುದಾದರೂ ಕಾಗದ ಕೇಳಿದ್ದರೆ, ಆ ಪತ್ರದ ಪ್ರತಿ ಇಟ್ಟುಕೊಂಡು ಮತ್ತೆ ಬರೆಯಿರಿ.